ಜೈನ ಸಚಿತ್ರ ಹಸ್ತಪ್ರತಿಗಳಲ್ಲಿ ಮೃಗಪಕ್ಷಿಗಳು: ಬೆಳಕು, ಭಾವ ಮತ್ತು ಸಂಕೇತ

ಭಾರತೀಯ ಚಿತ್ರಕಲೆಯಲ್ಲಿ ಮೃಗಪಕ್ಷಿಗಳ ಚಿತ್ರಣವನ್ನು ಕುರಿತು ಬರೆಯುವವರು ಜಹಾಂಗೀರನ ಆಳ್ವಿಕೆಯಿಂದ (1605–1627) ತೊಡಗುವುದು ವಾಡಿಕೆ. ಆ ಬಾದಶಹನಿಗೆ ಪ್ರಾಣಿಗಳಲ್ಲಿದ್ದ ಕುತೂಹಲ ಅಸಾಧಾರಣವಾದುದು. 1612ರಲ್ಲಿ ಗೋವೆಯಿಂದ ಬಂದ ಟರ್ಕಿ ಕೋಳಿಯನ್ನೂ, 1621ರಲ್ಲಿ ಆಬಿಸೀನಿಯದ ಕಡೆಯಿಂದ ಬಂದ ಜೀಬ್ರಾವನ್ನೂ ಅವನು ಕಣ್ಣಾರೆ ಪರೀಕ್ಷಿಸಿ ತನ್ನ ದಿನಚರಿಯಲ್ಲಿ ವರ್ಣಿಸಿದ್ದಾನೆ. ಚಿತ್ರಕಾರರಿಂದ ಅವುಗಳ ಪ್ರತಿಕೃತಿಗಳನ್ನು ಬರೆಯಿಸಿದ್ದಾನೆ. 'ನಾದಿರುಲ್ ಅಸ್ರ್', ಅಂದರೆ 'ಯುಗದ ಅಪೂರ್ವನು', ಎಂಬ ಬಿರುದನ್ನು ಪಡೆದ ಉಸ್ತಾದ ಮನ್ಸೂರನ ಹೆಸರು ಈ ಪ್ರಸಂಗದಲ್ಲಿ ಮೊದಲು ನಿಲ್ಲುತ್ತದೆ. ಇವನ ಚಿತ್ರಗಳನ್ನು ಅಳತೆಗೋಲಾಗಿ ಇರಿಸಿಕೊಂಡವರಿಗೆ ಅದಕ್ಕಿಂತ ಹಿಂದಿನ ಜೈನ ಹಸ್ತಪ್ರತಿಗಳ ಆನೆ, ಸಿಂಹ, ಜಿಂಕೆಗಳು ನಿರ್ಜೀವವಾದ ರೇಖಾಕೃತಿಗಳಾಗಿ ಕಂಡಿವೆ. ಅವುಗಳಲ್ಲಿ ನೆರಳು ಬೆಳಕುಗಳಿಲ್ಲ, ಭಾವವಿಲ್ಲ, ಇರುವುದು ಸಂಕೇತ ಮಾತ್ರ ಎಂಬ ಮಾತು ಕಲಾವಿಮರ್ಶೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಈ ಅಭಿಪ್ರಾಯವನ್ನು ಹಾಗೆಯೇ ಒಪ್ಪಿಕೊಳ್ಳುವುದಕ್ಕೆ ಮುನ್ನ ಮನ್ಸೂರನ ಜೀಬ್ರಾವನ್ನೇ ಇನ್ನೊಮ್ಮೆ ನೋಡುವುದು ಒಳ್ಳೆಯದು. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಪ್ರಾಣಿಯು ಬರಿಯ ಹಿನ್ನೆಲೆಯ ಮುಂದೆ ಒಂಟಿಯಾಗಿ ನಿಂತಿದೆ. ಕಾಡಿಲ್ಲ, ಆಕಾಶವಿಲ್ಲ, ಸೂರ್ಯನಿರುವ ದಿಕ್ಕು ತಿಳಿಯುವಂತಿಲ್ಲ. ರೋಮದ ನಯ, ಪಟ್ಟೆಗಳ ಓಟ, ತಲೆಯನ್ನು ತಗ್ಗಿಸಿದ ಬಗೆ ಇವೆಲ್ಲವೂ ಪ್ರತ್ಯಕ್ಷದರ್ಶನದಿಂದ ಬಂದವು. ಆದರೆ ಬೆಳಕು ಮಾತ್ರ ಎಲ್ಲೆಡೆಯೂ ಸಮನಾಗಿದೆ. ಹೀಗಿರುವಲ್ಲಿ ನೆರಳಿನ ಅಭಾವವೊಂದನ್ನೇ ಹಿಡಿದು ಜೈನ ಚಿತ್ರಕಾರನನ್ನು ಕೆಳಗಿಡುವುದು ನ್ಯಾಯವಾಗಲಾರದು. ಅವನು ಬೆಳಕನ್ನು ಎಲ್ಲಿ ಇರಿಸಿದನು, ಭಾವವನ್ನು ಯಾವುದರಿಂದ ಸೂಚಿಸಿದನು ಎಂಬುದನ್ನು ಹಸ್ತಪ್ರತಿಗಳಿಂದಲೇ ಅರಿಯಬೇಕಾಗಿದೆ.

ಕರ್ಣಾಟಕದ ಮಟ್ಟಿಗೆ ಈ ವಿಚಾರಕ್ಕೆ ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳೇ ಆದಿ. ಧವಲ, ಜಯಧವಲ, ಮಹಾಧವಲಗಳೆಂದು ಪ್ರಸಿದ್ಧವಾದ ಈ ತಾಡಪತ್ರಗಳ ಲಿಪಿ ಹಳಗನ್ನಡ. ಇವುಗಳಲ್ಲಿಯ ಚಿತ್ರಗಳನ್ನು ವಿದ್ವಾಂಸರು 12ನೆಯ ಶತಮಾನದ ಆದಿಭಾಗಕ್ಕೆ, ಸುಮಾರು 1113ರಿಂದ 1120ರ ಅವಧಿಗೆ, ಎಂದರೆ ಹೊಯ್ಸಳ ವಿಷ್ಣುವರ್ಧನನ ಕಾಲಕ್ಕೆ ಸೇರಿಸಿದ್ದಾರೆ. ಕೆಲವೇ ಬೆರಳುಗಳ ಅಗಲದ ಗರಿಯ ಮೇಲೆ ಅಕ್ಷರಗಳ ನಡುವೆಯೂ ಅಂಚಿನಲ್ಲಿಯೂ ಜಿನಬಿಂಬಗಳು, ಬಾಹುಬಲಿ, ಶ್ರುತದೇವಿ, ಯಕ್ಷಯಕ್ಷಿಯರು, ಭಕ್ತರು ಕಾಣಿಸಿಕೊಳ್ಳುತ್ತಾರೆ. ಇವರೊಡನೆಯೇ ಪ್ರಾಣಿಗಳೂ ಬಂದಿವೆ: ಕಾಳಿಯ ಬಳಿಯಲ್ಲಿ ವೃಷಭ, ಅಜಿತ ಯಕ್ಷನಿಗೆ ಕೂರ್ಮ, ಮಹಾಮಾನಸಿಗೆ ಹಂಸ, ಮಾವಿನ ಮರದ ಕೆಳಗೆ ಮಕ್ಕಳೊಡನೆ ಇರುವ ಅಂಬಿಕೆಗೆ ಸಿಂಹ. ಶಾಸ್ತ್ರದೃಷ್ಟಿಯಿಂದ ಇವು ವಾಹನಗಳು. ದೇವತೆ ಯಾರೆಂಬುದನ್ನು ತಿಳಿಸುವ ಗುರುತುಗಳು. ಆದರೆ ಗುರುತೆಂದ ಮಾತ್ರಕ್ಕೆ ಅವು ಬರಿಯ ಮುದ್ರೆಗಳಾಗಿಲ್ಲ. ಮೈಯನ್ನು ಸುತ್ತಿಬರುವ ರೇಖೆಯು ಭಿತ್ತಿಚಿತ್ರದ ಹಳೆಯ ಸಂಪ್ರದಾಯವನ್ನು ನೆನಪಿಗೆ ತರುತ್ತದೆ. ಪಶ್ಚಿಮ ಭಾರತದ ಚಿತ್ರಗಳಲ್ಲಿ ಎದ್ದುಕಾಣುವ, ಮುಖದ ಗಡಿಯನ್ನು ದಾಟಿ ಹೊರಚಾಚಿದ ಎರಡನೆಯ ಕಣ್ಣು ಇಲ್ಲಿಲ್ಲ.

ಈ ಗರಿಗಳನ್ನು ಜನರು ಯಾವ ಬೆಳಕಿನಲ್ಲಿ ಕಂಡರೆಂಬುದೂ ವಿಚಾರಾರ್ಹವೇ. ಶತಮಾನಗಳ ಕಾಲ ಅವು ಓದುವ ಗ್ರಂಥಗಳಾಗಿರದೆ ದರ್ಶನದ ವಸ್ತುಗಳಾಗಿದ್ದುವು. ಗುರುಬಸದಿಯ ಗರ್ಭಗೃಹದ ಮಂದಪ್ರಕಾಶದಲ್ಲಿ ದೂರದಿಂದ ಕೈಮುಗಿದು ಹೋದ ಯಾತ್ರಿಕರಿಗೆ ಅಂಬಿಕೆಯ ಸಿಂಹವು ಕಂಡಿರಲಾರದು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ತೊಡಗಿದಾಗ ಗಜಪತಿ ಶಾಸ್ತ್ರಿಗಳು ಮೊದಲಾದವರ ಗಮನವೆಲ್ಲ ಅಕ್ಷರದ ಮೇಲಿದ್ದುದು ಸಹಜವೇ ಆಗಿತ್ತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಸಿದ್ಧಾಂತವು ಹೀಗೆ ಹೊರಬಂದು ದೇಶವನ್ನೆಲ್ಲ ಸುತ್ತಿದರೂ ವರ್ಣಚಿತ್ರಗಳು ಗರಿಗಳಲ್ಲಿಯೇ ಉಳಿದವು. ಕಲೆಯ ಇತಿಹಾಸಕಾರರು ಅವುಗಳನ್ನು ವಿವರವಾಗಿ ಚರ್ಚಿಸಿದುದು 1960ರ ದಶಕದಲ್ಲಿ.

ಪಶ್ಚಿಮ ಭಾರತದಲ್ಲಿ ನಡೆದುದು ಬೇರೆ. ಅಲ್ಲಿಯ ಸಚಿತ್ರ ತಾಡಪ್ರತಿಗಳಲ್ಲಿ ಪ್ರಾಚೀನವಾದುದು ಜೈಸಲಮೇರಿನ ಭಂಡಾರದ 1060ರ ಓಘನಿರ್ಯುಕ್ತಿ. ಅದರಲ್ಲಿಯೂ ಆನೆಗಳಿವೆ. ಮುಂದೆ 14–15ನೆಯ ಶತಮಾನಗಳಲ್ಲಿ ಗರಿಯ ಬದಲು ಕಾಗದವು ಬಳಕೆಗೆ ಬಂದಂತೆ ಚಿತ್ರಕ್ಕೆ ದೊರೆತ ಸ್ಥಳವೂ ಹೆಚ್ಚಿತು. ಕೆಂಪು ಹಿನ್ನೆಲೆಯ ಜೊತೆಗೆ ಗಾಢನೀಲವೂ ಚಿನ್ನವೂ ಸೇರಿದವು. ಮಾಂಡುವಿನ 1439ರ ಕಲ್ಪಸೂತ್ರ, ಜೌನಪುರದ 1465ರ ಸುವರ್ಣಾಕ್ಷರಗಳ ಕಲ್ಪಸೂತ್ರ, ಅದೇ ಶತಮಾನದ ಕೊನೆಯ ಭಾಗದ ದೇವಸಾನೋ ಪಾಡೋ ಭಂಡಾರದ ಪ್ರತಿ ಇವು ಆ ಸಿರಿವಂತಿಕೆಗೆ ಸಾಕ್ಷಿ. ಚಿನ್ನವನ್ನು ಕೇವಲ ಶ್ರೇಷ್ಠಿಗಳ ಆಡಂಬರವೆಂದು ತಳ್ಳಿಹಾಕುವವರುಂಟು. ಆಡಂಬರವೂ ಅದರಲ್ಲಿ ಇದ್ದಿರಬಹುದು. ಆದರೆ ಈ ಪ್ರತಿಗಳು ಪರ್ಯೂಷಣ ಪರ್ವದಲ್ಲಿ ಸಂಘದ ಮುಂದೆ ವಾಚನಗೊಳ್ಳುತ್ತಿದ್ದವು, ಚಿತ್ರಗಳನ್ನು ಶ್ರಾವಕರಿಗೆ ತೋರಿಸುತ್ತಿದ್ದರು ಎಂಬುದನ್ನು ಮರೆಯಲಾಗದು. ದೀಪದ ಉರಿಗೆ ಕ್ರಿಮಿಕೀಟಗಳು ಬಂದು ಬೀಳುವುದರಿಂದ ಯತಿಗಳಿಗೆ ರಾತ್ರಿಯ ದೀಪ ವರ್ಜ್ಯ, ವಾಚನವು ಹಗಲಿನದೇ. ಹಗಲ ಬೆಳಕಿನಲ್ಲಿ ಹಾಳೆಯನ್ನು ತುಸು ಓರೆಮಾಡಿದಾಗ ಆನೆಯ ಮೈಯಾಗಲಿ ಸಿಂಹದ ಮೈಯಾಗಲಿ ಒಮ್ಮೆಲೆ ಹೊಳೆದು ಮತ್ತೆ ಮಂಕಾಗುತ್ತದೆ. ಚಿತ್ರದೊಳಗೆ ದೀಪವನ್ನೋ ಸೂರ್ಯನನ್ನೋ ಇರಿಸಿ ಅದರಿಂದ ನೆರಳು ಬೀಳಿಸುವ ಅಗತ್ಯ ಈ ಚಿತ್ರಕಾರನಿಗೆ ಇರಲಿಲ್ಲ. ನೋಡುವವನ ಹಗಲೇ ಚಿತ್ರಕ್ಕೂ ಹಗಲಾಯಿತು. ಅಚ್ಚಿನ ಪುಸ್ತಕಗಳ ಛಾಯಾಚಿತ್ರಗಳಲ್ಲಿ ಈ ಗುಣ ಅಳಿಸಿಹೋಗುವುದರಿಂದ, ಅವುಗಳನ್ನಷ್ಟೆ ನೋಡಿ ಕೊಟ್ಟ ತೀರ್ಪುಗಳನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು.

ಕಲ್ಪಸೂತ್ರದ ತ್ರಿಶಲೆಯ ಸ್ವಪ್ನಗಳಲ್ಲಿ ಮೊದಲ ಮೂರು ಆನೆ, ವೃಷಭ, ಸಿಂಹಗಳು. ಕಡೆಯದು ಹೊಗೆಯಿಲ್ಲದ ಅಗ್ನಿ. ಶ್ವೇತಾಂಬರ ಸಂಪ್ರದಾಯದಲ್ಲಿ ಸ್ವಪ್ನಗಳು 14, ದಿಗಂಬರರಲ್ಲಿ 16. ದಿಗಂಬರರ ಎಣಿಕೆಯಲ್ಲಿ ಜೋಡಿ ಮೀನುಗಳೂ ಸೇರುತ್ತವೆ. ಜಿನಸೇನರ ಮಹಾಪುರಾಣದಲ್ಲಿಯೂ 941ರ ಪಂಪನ ಆದಿಪುರಾಣದಲ್ಲಿಯೂ ಮರುದೇವಿಯು ಕಾಣುವುದು ಈ ಹದಿನಾರನ್ನೇ. ಪ್ರಾಣಿಯಿಂದ ತೊಡಗಿ ಸೂರ್ಯಚಂದ್ರರನ್ನು ಹಾದು ಧೂಮರಹಿತವಾದ ಜ್ವಾಲೆಯಲ್ಲಿ ಮುಗಿಯುವ ಈ ಕ್ರಮವು ಅರ್ಥವತ್ತಾದುದು. ಇದಕ್ಕೆ ತದ್ವಿರುದ್ಧವಾದುದು ಭರತಚಕ್ರವರ್ತಿಯ ಸ್ವಪ್ನಾವಳಿ. ಅಲ್ಲಿ ಕುದುರೆಯು ಆನೆಯ ಹೊರೆಯನ್ನು ಹೊತ್ತು ಬಾಗಿದೆ. ಆಡುಗಳು ಒಣಗಿದ ಎಲೆಗಳನ್ನು ಮೇಯುತ್ತಿವೆ. ಆನೆಯ ಮೇಲೆ ಕೋತಿಗಳು ಏರಿವೆ. ಗೂಬೆಯನ್ನು ಕಾಗೆಗಳು ಕಾಡುತ್ತಿವೆ. ಸೂರ್ಯನು ಮೋಡದ ಮರೆಯಾಗಿದ್ದಾನೆ. ಪಂಚಮಕಾಲದಲ್ಲಿ ಕೇವಲಜ್ಞಾನ ಉದಯಿಸದೆಂಬುದು ಮೋಡ ಮುಚ್ಚಿದ ಸೂರ್ಯನ ಫಲ. ಎರಡು ಸ್ವಪ್ನಾವಳಿಗಳಲ್ಲಿಯೂ ಪ್ರಾಣಿಗಳಿವೆ, ಬೆಳಕೂ ಇದೆ. ಬೆಳಕು ಕುಂದಿದಂತೆ ಪ್ರಾಣಿಗಳು ತಮ್ಮ ಸಹಜವಾದ ನಿಲವನ್ನು ಕಳೆದುಕೊಳ್ಳುತ್ತವೆ.

ಶಾಸ್ತ್ರದಲ್ಲಿ ಬೆಳಕಿಗಿರುವ ಸ್ಥಾನವನ್ನು ಇಲ್ಲಿ ನೆನೆಯಬಹುದು. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ತಮಸ್ಸು, ಛಾಯೆ, ಆತಪ, ಉದ್ಯೋತ ಇವು ನಾಲ್ಕನ್ನೂ ಪುದ್ಗಲದ ಪರ್ಯಾಯಗಳಲ್ಲಿ ಎಣಿಸಿದೆ. ಕತ್ತಲೆಯು ಬೆಳಕಿನ ಅಭಾವಮಾತ್ರವಲ್ಲ, ಅದೂ ದ್ರವ್ಯದ ಒಂದು ಅವಸ್ಥೆ. ಸೂರ್ಯನ ಬಿಸಿಯಾದ ಬೆಳಕು ಆತಪವಾದರೆ ಚಂದ್ರ, ಮಣಿ, ಮಿಂಚುಹುಳುಗಳ ತಂಪಾದ ಬೆಳಕು ಉದ್ಯೋತವೆಂದು ಕರ್ಣಾಟಕದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಛಾಯೆಯಲ್ಲಿಯೂ ಅವರು ಎರಡು ಬಗೆಗಳನ್ನು ಹೇಳುತ್ತಾರೆ: ವರ್ಣಾದಿಗಳಿಂದ ಕೂಡಿದುದು ಒಂದು, ಬರಿಯ ಪ್ರತಿಬಿಂಬರೂಪವಾದುದು ಇನ್ನೊಂದು. ಈ ಸೂತ್ರದಿಂದಲೇ ಚಿತ್ರಕಾರರು ನೆರಳನ್ನು ಬಿಟ್ಟರೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಆ ಕಾಲದ ವೈದಿಕ ಗ್ರಂಥಗಳ ಚಿತ್ರಗಳಲ್ಲಿಯೂ ನೆರಳಿಲ್ಲ. ಆದರೆ ಮಿಂಚುಹುಳದಂತಹ ಅಲ್ಪ ಜೀವಿಯನ್ನು ಚಂದ್ರನ ಸಾಲಿನಲ್ಲಿ ಕೂಡಿಸಿದ ಪರಂಪರೆಗೆ ಪ್ರಾಣಿಯನ್ನೂ ಬೆಳಕನ್ನೂ ಕುರಿತು ಸೂಕ್ಷ್ಮವಾದ ದೃಷ್ಟಿಯಿರಲಿಲ್ಲವೆಂದು ಹೇಳಬರುವುದಿಲ್ಲ.

ಭಾವದ ವಿಷಯಕ್ಕೆ ಬಂದರೆ, ಜೈನರಲ್ಲಿ ಅದಕ್ಕೆ ವರ್ಣದ ಭಾಷೆಯೇ ಸಿದ್ಧವಾಗಿತ್ತು. ಅದು ಲೇಶ್ಯಾವಿಚಾರ. ಜೀವದ ಪರಿಣಾಮಗಳನ್ನು ಕೃಷ್ಣ, ನೀಲ, ಕಪೋತ, ತೇಜ, ಪದ್ಮ, ಶುಕ್ಲವೆಂದು ಆರು ವರ್ಣಗಳಿಂದ ಹೆಸರಿಸಲಾಗಿದೆ. ಶ್ರವಣಬೆಳಗೊಳದೊಡನೆ ಸಂಬಂಧವುಳ್ಳ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ದ್ರವ್ಯಲೇಶ್ಯೆಯ ವರ್ಣಗಳಿಗೆ ಉಪಮಾನಗಳನ್ನು ಕೊಡುವಾಗ ದುಂಬಿ, ನೀಲಮಣಿ, ಪಾರಿವಾಳ, ಚಿನ್ನ, ತಾವರೆ, ಶಂಖ ಎಂದು ಎಣಿಸುತ್ತಾರೆ. ಕಡುಗಪ್ಪಿಗೆ ದುಂಬಿ, ಬೂದುಬಣ್ಣಕ್ಕೆ ಪಾರಿವಾಳ. ಅಂತರಂಗದ ಕಲುಷವನ್ನು ಅಳೆಯುವ ವರ್ಣಗಳಿಗೆ ಜೀವಿಗಳೇ ಮಾದರಿಯಾದುವೆಂಬುದು ಗಮನಿಸತಕ್ಕ ಸಂಗತಿ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಒಂದು ಅರಣ್ಯದೃಶ್ಯವುಂಟು. ಅಲ್ಲಿ ಮರವೊಂದರಲ್ಲಿ ಆರು ಮಂದಿ ಇದ್ದಾರೆ. ಹಣ್ಣಿಗಾಗಿ ಮರವನ್ನೇ ಬುಡಸಹಿತ ಕಡಿಯಬೇಕೆನ್ನುವವನಿಂದ ತೊಡಗಿ, ನೆಲಕ್ಕೆ ಬಿದ್ದ ಹಣ್ಣು ಸಾಕೆನ್ನುವವನವರೆಗೆ, ಆರು ಲೇಶ್ಯೆಗಳ ಪ್ರಸಿದ್ಧ ದೃಷ್ಟಾಂತವಿದು. ಅದೇ ಮಠದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರವೂ ಇರುವುದರಿಂದ ಕಾಲವು ಬಹಳ ಹಿಂದಿನದಲ್ಲ. ಆದರೂ ಕಾಡನ್ನು ಚಿತ್ರಿಸುವಾಗ ಅದರ ಚೆಲುವಿಗಿಂತ ಅದರ ಮುಂದೆ ನಿಂತ ಮನುಷ್ಯನ ಬಗೆಯನ್ನು ಮುಖ್ಯವಾಗಿಸಿಕೊಂಡ ಹಳೆಯ ಪದ್ಧತಿ ಇಲ್ಲಿ ಉಳಿದುಬಂದಿದೆ.

ತೀರ್ಥಂಕರರ ಲಾಂಛನಗಳ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಆದಿನಾಥನ ವೃಷಭ, ಶಾಂತಿನಾಥನ ಜಿಂಕೆ, ಮುನಿಸುವ್ರತನ ಆಮೆ, ಮಹಾವೀರನ ಸಿಂಹ ಇವು ಪೀಠದ ಮೇಲಿನ ಅಕ್ಷರಗಳಂತೆಯೇ ವರ್ತಿಸುತ್ತವೆ. ಒಂದೇ ರೂಪಿನ ಜಿನಬಿಂಬಗಳನ್ನು ಬೇರ್ಪಡಿಸುವುದಷ್ಟೆ ಅವುಗಳ ಕೆಲಸ. ನಿರ್ಜೀವವೆಂಬ ಟೀಕೆ ಎಲ್ಲಿಯಾದರೂ ಸಲ್ಲುವುದಾದರೆ ಇಲ್ಲಿ.

ಸಮವಸರಣದ ಚಿತ್ರಗಳಿಗೆ ಆ ಟೀಕೆ ಸಲ್ಲದು. 15ನೆಯ ಶತಮಾನದ ಕಲ್ಪಸೂತ್ರದ ಪ್ರತಿಗಳಲ್ಲಿ ಸಮವಸರಣವನ್ನು ದುಂಡನೆಯ ಮಂಡಲವಾಗಿ ಬರೆದು, ಚೌಕದ ಮೂಲೆಗಳಲ್ಲಿ ಜಾತಿವೈರವುಳ್ಳ ಪ್ರಾಣಿಗಳನ್ನು ಎದುರುಬದುರಾಗಿ ನಿಲ್ಲಿಸುತ್ತಾರೆ. ಹಾವಿನ ಎದುರಿಗೆ ನವಿಲು, ಸಿಂಹದ ಎದುರಿಗೆ ಆನೆ. ಹನ್ನೆರಡು ಕೋಷ್ಠಗಳಲ್ಲಿ ಕಡೆಯದು ತಿರ್ಯಂಚಗಳದು. ಜಿನನ ಭಾಮಂಡಲದಲ್ಲಿ ಸಭೆಯ ಜೀವಿಗಳು ತಮ್ಮ ಏಳು ಭವಗಳನ್ನು ಕಾಣುವರೆಂಬುದು ದಿಗಂಬರ ಪರಂಪರೆಯ ನಂಬಿಕೆ. ವಸ್ತುಗಳ ಮೇಲೆ ಬಿದ್ದು ನೆರಳನ್ನುಂಟುಮಾಡುವ ಬೆಳಕು ಇದಲ್ಲ. ಪ್ರಾಣಿಯು ತಾನು ಹಿಂದೆ ಏನಾಗಿತ್ತು, ಮುಂದೆ ಏನಾಗಲಿದೆ ಎಂಬುದನ್ನು ತೋರಿಸುವ ಬೆಳಕು. ಇಂದಿನ ತಮಿಳುನಾಡಿನ ಪುದುಕ್ಕೋಟೆಯ ಬಳಿಯ ಸಿತ್ತನ್ನವಾಸಲಿನ ಗುಹಾಲಯದ ಮೇಲ್ಛಾವಣಿಯಲ್ಲಿರುವ ತಾವರೆಗೊಳವನ್ನು ಸಮವಸರಣದ ಖಾತಿಕಾಭೂಮಿಯೆಂದು ಗುರುತಿಸಿರುವುದು ಸರಿಯಾಗಿಯೇ ಇದೆ. 9ನೆಯ ಶತಮಾನದ ಪಾಂಡ್ಯರ ಕಾಲದ ಶಾಸನವುಳ್ಳ ಆ ಗುಹೆಯಲ್ಲಿ ಆನೆಗಳು, ಎತ್ತುಗಳು, ಮೀನುಗಳು, ಹಂಸಗಳು, ಹೂ ಬಿಡಿಸುವ ಭವ್ಯರು ಎಲ್ಲರೂ ಎಲೆಹೂಗಳ ಒಂದೇ ಹರಹಿನಲ್ಲಿ ಬೆರೆತಿದ್ದಾರೆ. ಯಾರಿಗೂ ಯಾರ ಭಯವೂ ಇಲ್ಲ.

ಇದಕ್ಕೆ ಎದುರಾದ ಭಾವವು ನೇಮಿನಾಥನ ವಿವಾಹಪ್ರಸಂಗದ ಚಿತ್ರಗಳಲ್ಲಿದೆ. ಮದುವೆಯ ಔತಣಕ್ಕೆಂದು ಕೂಡಿಹಾಕಿದ ಜಿಂಕೆ ಮೊದಲಾದ ಪ್ರಾಣಿಗಳ ದೊಡ್ಡಿಯನ್ನು ಮಂಟಪದ ಮಗ್ಗುಲಲ್ಲಿಯೇ ಬರೆಯುತ್ತಾರೆ. ಮಂಟಪದಲ್ಲಿ ತೋರಣ, ವಾದ್ಯ, ಅಲಂಕೃತಳಾದ ರಾಜೀಮತಿ. ದೊಡ್ಡಿಯಲ್ಲಿ ಒತ್ತಾಗಿ ನಿಂತು ಕೊರಳೆತ್ತಿದ ಪ್ರಾಣಿಗಳು. ಎರಡಕ್ಕೂ ಅದೇ ಕೆಂಪು, ಅದೇ ಚಿನ್ನ. ದುಃಖದ ಭಾಗವನ್ನು ಕಪ್ಪಾಗಿಸಿ ತೋರಿಸುವ ಉಪಾಯವನ್ನು ಚಿತ್ರಕಾರನು ಹಿಡಿದಿಲ್ಲ. ನೇಮಿಯ ರಥವು ತಿರುಗಿದ ದಿಕ್ಕೊಂದರಿಂದಲೇ ಎಲ್ಲವೂ ತಿಳಿಯುತ್ತದೆ. ಈ ಸಂಯಮವನ್ನು ಭಾವದಾರಿದ್ರ್ಯವೆಂದು ಎಣಿಸಿದವರು ಕಥೆಯನ್ನು ಬಲ್ಲ ಶ್ರೋತೃಗಳನ್ನು ಮರೆತಿದ್ದಾರೆ.

ಪ್ರಾಣಿಗಳನ್ನು ಪ್ರತ್ಯಕ್ಷವಾಗಿ ನೋಡಿ ಬರೆಯುವ ಅಭ್ಯಾಸ ಜೈನರಲ್ಲಿ ಇರಲೇ ಇಲ್ಲವೆಂಬ ಮಾತೂ ನಿಲ್ಲುವುದಿಲ್ಲ. 13ನೆಯ ಶತಮಾನದ್ದೆಂದು ಎಣಿಸಲಾಗುವ ಹಂಸದೇವನ ಮೃಗಪಕ್ಷಿಶಾಸ್ತ್ರವು ಸಿಂಹ, ಆನೆ, ಹಂಸ ಮೊದಲಾದವುಗಳ ಪ್ರಭೇದಗಳನ್ನೂ ವಯಸ್ಸು, ಸ್ವಭಾವ, ನಡೆಗಳನ್ನೂ ಸಂಸ್ಕೃತ ಪದ್ಯಗಳಲ್ಲಿ ವಿವರಿಸುತ್ತದೆ. ಬೇಟೆಗೆ ಹೋದ ರಾಜನು ಮೃಗಗಳನ್ನು ಕಂಡು ಕರುಣೆಗೊಂಡುದೇ ಈ ಗ್ರಂಥದ ರಚನೆಗೆ ಕಾರಣವೆಂದು ಅದರ ಪೀಠಿಕೆ ಹೇಳುತ್ತದೆ. 1927ರಲ್ಲಿ ಇಂಗ್ಲಿಷಿಗೆ ಅನುವಾದವಾದ ಈ ಗ್ರಂಥವನ್ನು ಚಿತ್ರಕಲೆಯ ಅಭ್ಯಾಸಿಗಳು ಅಷ್ಟಾಗಿ ಬಳಸಿಕೊಂಡಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ಎತ್ತುವುದು ಯಶೋಧರನ ಕಥೆ. 959ರ ಸೋಮದೇವನ ಯಶಸ್ತಿಲಕ, ಪುಷ್ಪದಂತನ ಜಸಹರಚರಿಉ, 1209ರ ಜನ್ನನ ಯಶೋಧರಚರಿತೆ ಇವೆಲ್ಲ ಒಂದೇ ಕಥೆಯ ಕವಲುಗಳು. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಜನ್ನನಲ್ಲಿ ಆ ಕೃತಕ ಕೋಳಿಯ ಚೆಲುವಿಗೆ ಮರುಳಾಗಿ ಬೆಂತರವೊಂದು ಅದನ್ನು ಹೊಗುತ್ತದೆ. ಕತ್ತಿಯ ಏಟಿಗೆ ಕೋಳಿ ಕೂಗುತ್ತದೆ. ಕೊಂದುದು ಹಿಟ್ಟನ್ನಾದರೂ ಸಂಕಲ್ಪವು ಹಿಂಸೆಯದೇ ಆದುದರಿಂದ ತಾಯಿಮಕ್ಕಳು ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡಾಗಿ, ಕೋಣನಾಗಿ, ಕೋಳಿಗಳಾಗಿ ಭವಭವಗಳಲ್ಲಿ ತೊಳಲುತ್ತಾರೆ. ಈ ಕಥೆಯನ್ನು ಚಿತ್ರಸಹಿತವಾಗಿ ಬರೆಯಿಸುವ ಪದ್ಧತಿ ಉತ್ತರದ ದಿಗಂಬರರಲ್ಲಿ ಬೆಳೆಯಿತು. ಗುಜರಾತಿನ ಸೋಜಿತ್ರದ 1494ರ ಪ್ರತಿ ಇವುಗಳಲ್ಲಿ ಹೆಸರಾದುದು. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಕುಳಿತು ಪುಷ್ಪದಂತನು 965ರಲ್ಲಿ ಮುಗಿಸಿದ ಅಪಭ್ರಂಶ ಮಹಾಪುರಾಣವೂ ದೆಹಲಿಯ ಬಳಿಯ ಪಾಲಮ್ಮಿನಲ್ಲಿ 1540ರಲ್ಲಿ ಸಚಿತ್ರವಾಗಿ ಪ್ರತಿಯಾಯಿತು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹುಟ್ಟಿದ ಕಾವ್ಯವು ಆರು ಶತಮಾನಗಳ ಬಳಿಕ ಅಷ್ಟು ದೂರದಲ್ಲಿ ಬಣ್ಣ ತಳೆದುದು ಕನ್ನಡನಾಡಿನ ಗ್ರಂಥೇತಿಹಾಸದಲ್ಲಿ ನೆನೆಯತಕ್ಕ ಸಂಗತಿ.

ಯಶೋಧರಚರಿತೆಗೆ ಚಿತ್ರ ಬರೆಯುವವನ ಇಕ್ಕಟ್ಟನ್ನು ಊಹಿಸಬಹುದು. ಪ್ರಾಣಿಯ ಪ್ರತಿಕೃತಿಯೂ ಪ್ರಾಣಿಗೆ ಸಮಾನವೆಂದು ಸಾರುವ ಕಥೆಗೆ ಅವನು ಪ್ರಾಣಿಯ ಪ್ರತಿಕೃತಿಗಳನ್ನು ಬರೆಯಬೇಕು. ಹಿಟ್ಟಿನ ಕೋಳಿಯನ್ನೂ ಕಥೆಯ ಕೊನೆಯ ನಿಜವಾದ ಕೋಳಿಗಳನ್ನೂ ಹಾಳೆಯ ಮೇಲೆ ಬೇರೆಬೇರೆಯಾಗಿ ತೋರಿಸಲು ದಾರಿಯೇ ಇಲ್ಲ; ಎರಡೂ ಬಣ್ಣವೇ. ಜೈನ ಚಿತ್ರಗಳ ಪ್ರಾಣಿಗಳನ್ನು 'ಸಂಕೇತ ಮಾತ್ರ'ವೆನ್ನುವ ವಿಮರ್ಶೆ ಸೋಲುವುದು ಇಲ್ಲಿಯೇ. ಈ ಪರಂಪರೆಯಲ್ಲಿ ಸಂಕೇತಕ್ಕೆ 'ಮಾತ್ರ' ಎಂಬ ಮಾತು ಹೊಂದುವುದಿಲ್ಲ. ಜಹಾಂಗೀರನ ದಿನಚರಿಯಲ್ಲಿ ಇದಕ್ಕೆ ವಿನೋದಕರವಾದ ಪ್ರತಿಚಿತ್ರವೊಂದು ದೊರೆಯುತ್ತದೆ. ಜೀಬ್ರಾವನ್ನು ಕಂಡವರು ಯಾರೋ ಕುದುರೆಗೆ ಬಣ್ಣ ಬಳಿದಿದ್ದಾರೆಂದು ಶಂಕಿಸಿದರಂತೆ. ಪರೀಕ್ಷಿಸಿದ ಮೇಲಷ್ಟೆ ಆ ಪಟ್ಟೆಗಳು ಹುಟ್ಟಿನವೆಂದು ನಿಶ್ಚಯವಾಯಿತು. ಒಂದು ಕಡೆ ಚಿತ್ರವು ಜೀವವೆನಿಸಿತು, ಇನ್ನೊಂದು ಕಡೆ ಜೀವವು ಚಿತ್ರವೆನಿಸಿತು.

ಈ ಎರಡು ಪರಂಪರೆಗಳೂ ಒಂದೆಡೆ ಕೂಡಿದುದಕ್ಕೆ ಪ್ರತ್ಯಕ್ಷವಾದ ಆಧಾರವಿದೆ. 1583ರಲ್ಲಿ ಹೀರವಿಜಯಸೂರಿಗಳು ಫತೇಪುರ ಸಿಕ್ರಿಗೆ ಬಂದ ಮೇಲೆ ಅಕ್ಬರನು ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದನು. ಪಂಜರದ ಹಕ್ಕಿಗಳನ್ನು ಬಿಡಿಸಿದನು. ಅಲ್ಲಿಯ ಕೆರೆಯಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದನು. ಜಹಾಂಗೀರನ ಕಾಲದಲ್ಲಿ ಇಂತಹದೇ ಫರ್ಮಾನು ದೊರೆತಾಗ ಆಗ್ರಾದ ಸಂಘವು 1610ರಲ್ಲಿ ದೇವಪಟ್ಟಣದಲ್ಲಿದ್ದ ವಿಜಯಸೇನಸೂರಿಗಳಿಗೆ ಒಂದು ವಿಜ್ಞಪ್ತಿಪತ್ರವನ್ನು ಕಳುಹಿಸಿತು. ಆ ಉದ್ದನೆಯ ಸುರುಳಿಯ ಚಿತ್ರಗಳನ್ನು ಬರೆದವನು ಬಾದಶಾಹಿ ಚಿತ್ರಕಾರನಾದ ಉಸ್ತಾದ ಸಾಲಿವಾಹನ. ಜಹಾಂಗೀರನ ಆಸ್ಥಾನ, ಫರ್ಮಾನಿನ ಘೋಷಣೆ, ಆಗ್ರಾದ ಬೀದಿಯ ಜನ, ಯತಿಗಳ ಸಭೆ ಇವು ಅದರಲ್ಲಿ ಒಂದರ ಬಳಿಕ ಒಂದು ಬರುತ್ತವೆ. ಪ್ರಾಣಿಗಳಿಗೆ ಅಭಯ ದೊರೆತುದನ್ನು ದಾಖಲಿಸುವ ಈ ಚಿತ್ರದಲ್ಲಿ ಕಲ್ಪಸೂತ್ರದ ಕೆಂಪಿಲ್ಲ, ಹೊರಚಾಚಿದ ಕಣ್ಣಿಲ್ಲ. ಮೊಗಲರ ಕೈವಾಡ ಸ್ಪಷ್ಟವಾಗಿದೆ. 1624ರಲ್ಲಿ ಶಾಲಿಭದ್ರನ ಕಥೆಗೆ ಚಿತ್ರ ಬರೆದವನೂ ಇವನೇ. ಆಸ್ಥಾನದ ಕುಂಚವೂ ಉಪಾಶ್ರಯದ ಗ್ರಂಥವೂ ಒಬ್ಬನ ಕೈಯಲ್ಲಿ ಸೇರಿದುವು.

ಆ ಅಭಯವೇನೂ ಸ್ಥಿರವಾಗಿ ನಿಲ್ಲಲಿಲ್ಲ. ಒಂದು ದಶಕ ತುಂಬುವ ಮೊದಲೇ ಅದೇ ಜಹಾಂಗೀರನು ಜೈನ ಯತಿಗಳನ್ನು ಹೊರಗಟ್ಟುವ ಆಜ್ಞೆಯನ್ನು ಹೊರಡಿಸಿ, ಬಳಿಕ ಅದನ್ನು ಹಿಂದೆಗೆದುಕೊಂಡನು. ತನ್ನ ಕೈಯಿಂದ ಯಾವ ಪ್ರಾಣಿಯನ್ನೂ ಹೊಡೆಯೆನೆಂದು ಅವನು ತಾಳಿದ್ದ ವ್ರತವೂ ಮುಂದೆ ಮುರಿಯಿತು. ಸಾಲಿವಾಹನನ ಸುರುಳಿ ಮಾತ್ರ ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ವಿದ್ಯಾಮಂದಿರದ ಸಂಗ್ರಹದಲ್ಲಿ ಉಳಿದುಬಂದಿದೆ. ಚಿತ್ರಕಾರನು ಆ ಸಮಯದಲ್ಲಿ ತಾನು ಕಂಡಂತೆಯೇ ಇದನ್ನು ಬರೆದನೆಂಬ ಹೇಳಿಕೆಯೂ ಪತ್ರದ ಒಕ್ಕಣೆಯಲ್ಲಿಯೇ ಸೇರಿದೆ.